ಜಗಲಿ ಬಿಟ್ಟವರ ಚರಿತ್ರೆ

ಒಡೆಯನ ಮನೆಯ ಜಗಲಿ ಎಷ್ಟೇ ಅಗಲವಾಗಿರಲಿ, ಅದು ಒಡೆಯನದೇ. ಏಳು ಅಂದ್ರೆ ಏಳಬೇಕು. ಈ ಮಾತನ್ನು ನಮ್ಮ ಅಪ್ಪ ಅಜ್ಜಂದಿರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ನಾವು ಮಾತ್ರ ಕೈಯಲ್ಲಿ ಮೊಬೈಲು ಬಂದ ಮೇಲೆ ಇದನ್ನು ಮರೆತೆವು, ಮತ್ತೆ ಕಲಿತೆವು. 2019ರ ನವೆಂಬರಿನಲ್ಲಿ ಈ ದೇಶದ ಬಹಳಷ್ಟು ದಲಿತರು, ಹಿಂದುಳಿದವರು, ಪ್ರಗತಿಪರರು ಟ್ವಿಟರ್ ಎಂಬ ಅಮೆರಿಕದ ಕಂಪನಿಯ ಜಗಲಿಯಿಂದ ಎದ್ದು ಮ್ಯಾಸ್ಟೊಡಾನ್ ಎಂಬ ಜಾಗಕ್ಕೆ ಹೊರಟರು. ಅಲ್ಲಿ ಯಾವ ಒಬ್ಬ ಒಡೆಯನೂ ಇಲ್ಲ ಅಂತ ಕೇಳಿದ್ದರು. ಆದರೆ ಹೋದವರಲ್ಲಿ ಬಹುಪಾಲು ಜನ ಬೇಗನೇ ವಾಪಸು ಬಂದರು. ಯಾಕೆ ಹೋದರು? ಯಾಕೆ ಬಂದರು? ಇದನ್ನು ನಾವು ಬರೆದಿಡದಿದ್ದರೆ ಕಂಪನಿಯವರು ಬರೆಯುತ್ತಾರೆ. ಅವರ ಚರಿತ್ರೆಯಲ್ಲಿ ನಮ್ಮ ಹೆಸರಿರುವುದಿಲ್ಲ.

ಮೊದಲನೆಯ ಪ್ರಶ್ನೆ: ನಾವು ಆ ಜಗಲಿಗೆ ಹೋಗಿ ಕೂತದ್ದಾದರೂ ಯಾಕೆ? ಉಳಿದ ಬಾಗಿಲುಗಳೆಲ್ಲ ಮುಚ್ಚಿದ್ದವು, ಅದಕ್ಕೆ. 1920ರ ಜನವರಿಯಲ್ಲಿ ಅಂಬೇಡ್ಕರ್ 'ಮೂಕನಾಯಕ' ಪತ್ರಿಕೆ ಶುರು ಮಾಡಿದಾಗ ತಿಲಕರ 'ಕೇಸರಿ' ಕಾಸು ಕೊಡುತ್ತೇವೆಂದರೂ ಅದರ ಜಾಹೀರಾತು ಹಾಕಲಿಲ್ಲ. 1996ರಲ್ಲಿ ಪತ್ರಕರ್ತ ಬಿ.ಎನ್. ಉನಿಯಾಲ್ ದಿಲ್ಲಿಯಲ್ಲಿ ಒಬ್ಬನೇ ಒಬ್ಬ ದಲಿತ ಪತ್ರಕರ್ತನನ್ನು ಹುಡುಕಿ ಹೊರಟು, ಸಿಗಲಿಲ್ಲ ಎಂದು ಬರೆದರು. 2019ರಲ್ಲಿ ಆಕ್ಸ್‌ಫ್ಯಾಮ್ ಇಂಡಿಯಾ ಮತ್ತು ನ್ಯೂಸ್‌ಲಾಂಡ್ರಿ ಸೇರಿ ಸುದ್ದಿಮನೆಗಳ ಯಜಮಾನಿಕೆಯ 121 ಕುರ್ಚಿಗಳನ್ನು ಎಣಿಸಿದವು. 106ರಲ್ಲಿ ಮೇಲ್ಜಾತಿಯವರು ಕೂತಿದ್ದರು. ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡದವರು ಒಬ್ಬರೂ ಇರಲಿಲ್ಲ. ನೂರು ವರ್ಷ ಕಳೆದರೂ ಬಾಗಿಲು ಅಲ್ಲೇ ಇತ್ತು, ಬೀಗವೂ ಅಲ್ಲೇ ಇತ್ತು.

ಇಂಥ ಹೊತ್ತಲ್ಲಿ ಟ್ವಿಟರ್ ಬಂತು. ಸಂಪಾದಕ ಇಲ್ಲ, ಅಚ್ಚಿನ ಖರ್ಚಿಲ್ಲ. 2016ರ ನಂತರ ಡೇಟಾ ಅಗ್ಗವಾಯಿತು. ಕೇರಿಯ ಹುಡುಗ ಒಂದು ಸಾಲು ಬರೆದರೆ ಮಂತ್ರಿಯ ಮೊಬೈಲಿಗೆ ಮುಟ್ಟುತ್ತಿತ್ತು. ನಾವು ಇದನ್ನು ಬಿಡುಗಡೆ ಅಂತ ತಿಳಿದೆವು. ಆದರೆ ಪುಕ್ಕಟೆ ಊಟ ಹಾಕುವ ಒಡೆಯ ಲೆಕ್ಕ ಬರೆದಿಡದೆ ಇರುತ್ತಾನೆಯೇ? ನಾವು ಬರೆದದ್ದು, ನಾವು ಜಗಳವಾಡಿದ್ದು, ನಾವು ಅತ್ತದ್ದು ಎಲ್ಲವೂ ಜಾಹೀರಾತಿನವರಿಗೆ ಮಾರುವ ಫಸಲಾಯಿತು. ಹೊಲ ಅವರದು, ದುಡಿಮೆ ನಮ್ಮದು. ಕೂಲಿ ಮಾತ್ರ ಇಲ್ಲ.

2018ರ ನವೆಂಬರಿನಲ್ಲಿ ಒಡೆಯನೇ ಊರಿಗೆ ಬಂದ. ಟ್ವಿಟರಿನ ಮುಖ್ಯಸ್ಥ ಜ್ಯಾಕ್ ಡಾರ್ಸಿ ದಿಲ್ಲಿಯಲ್ಲಿ ಮಹಿಳಾ ಪತ್ರಕರ್ತರು, ಕಾರ್ಯಕರ್ತೆಯರ ಜೊತೆ ಕೂತು ಮಾತಾಡಿದ. ದಲಿತ ಕಾರ್ಯಕರ್ತೆ ಸಂಘಪಾಲಿ ಅರುಣಾ ಅವನ ಕೈಗೆ ಒಂದು ಭಿತ್ತಿಚಿತ್ರ ಕೊಟ್ಟರು. ಬ್ರಾಹ್ಮಣಶಾಹಿ ಪುರುಷಾಧಿಪತ್ಯವನ್ನು ಪುಡಿಮಾಡಿ ಎಂಬುದು ಅದರ ಒಕ್ಕಣೆ. ರಚಿಸಿದವರು ಅಮೆರಿಕದ ದಲಿತ ಹೋರಾಟಗಾರ್ತಿ ತೇನ್ಮೊಳಿ ಸೌಂದರರಾಜನ್. ಅವನು ಅದನ್ನು ಹಿಡಿದು ನಿಂತ ಫೋಟೋ ಹೊರಬಂದದ್ದೇ ತಡ, ದೇಶ ಹೊತ್ತಿ ಉರಿಯಿತು. ಇದು ಕಂಪನಿಯ ಅಭಿಪ್ರಾಯವಲ್ಲ ಎಂದು ಟ್ವಿಟರ್ ಹೇಳಿತು. ಅದರ ಕಾನೂನು ವಿಭಾಗದ ಮುಖ್ಯಸ್ಥೆ ವಿಜಯಾ ಗದ್ದೆ ಕ್ಷಮೆ ಕೇಳಿದರು. ಯಾರ ಕ್ಷಮೆ? ಆ ಜಗಲಿಯ ಮೇಲೆ ದಿನವೂ ಬೈಗುಳ ತಿನ್ನುತ್ತಿದ್ದ ಹೆಣ್ಣುಮಕ್ಕಳ ಕ್ಷಮೆಯಲ್ಲ. ಆ ಕಾಗದ ನೋಡಿ ನೊಂದವರ ಕ್ಷಮೆ.

ಮರುವರ್ಷ ಎರಡು ಘಟನೆ ನಡೆದವು. 2019ರ ಅಕ್ಟೋಬರ್ ಕೊನೆಯಲ್ಲಿ ಸುಪ್ರೀಂ ಕೋರ್ಟಿನ ಹಿರಿಯ ವಕೀಲ ಸಂಜಯ್ ಹೆಗ್ಡೆಯವರ ಖಾತೆ ನಿಂತುಹೋಯಿತು. ಅವರ ಖಾತೆಯ ಮುಖಪುಟದಲ್ಲಿದ್ದದ್ದು 1936ರ ಹ್ಯಾಂಬರ್ಗಿನ ಫೋಟೋ. ಹಡಗುಕಟ್ಟೆಯ ಜನರೆಲ್ಲ ಹಿಟ್ಲರನಿಗೆ ಕೈ ಎತ್ತಿ ನಿಂತಾಗ ಒಬ್ಬನೇ ಒಬ್ಬ ಕೈ ಕಟ್ಟಿ ನಿಂತಿದ್ದಾನೆ. ಆಗಸ್ಟ್ ಲಾಂಡ್‌ಮೆಸರ್ ಎಂದು ಅವನನ್ನು ಗುರುತಿಸುತ್ತಾರೆ. ಹಿಟ್ಲರನನ್ನು ಧಿಕ್ಕರಿಸಿದವನ ಚಿತ್ರವೇ ದ್ವೇಷದ ಚಿತ್ರವಾಯಿತು! ಖಾತೆ ಮರಳಿ ಬಂದರೂ ಮತ್ತೆ ಹೋಯಿತು. ಈ ಸಲ ಹಿಂದಿ ಕವಿ ಗೋರಖ್ ಪಾಂಡೆಯವರ ಪದ್ಯವೊಂದನ್ನು ಹಂಚಿಕೊಂಡದ್ದು ತಪ್ಪಾಗಿತ್ತು.

ಅದೇ ಹೊತ್ತಿಗೆ ಪತ್ರಕರ್ತ ದಿಲೀಪ್ ಮಂಡಲ್ ಅವರ ಖಾತೆಗೂ ತಡೆ ಬಿತ್ತು. ಅವರು ಆಮೇಲೆ ಯಾವ ದಾರಿ ಹಿಡಿದರು ಎಂಬುದು ಬೇರೆ ಮಾತು. ಅವತ್ತು ಅವರ ಹಿಂದೆ ನಿಂತ ಜನ ದೊಡ್ಡ ಪ್ರಶ್ನೆ ಎತ್ತಿದರು. ಟ್ವಿಟರ್ ಜಾತಿವಾದಿ ಅಂತ ಕೂಗಿದರು. ಹೆಸರಿನ ಮುಂದೆ ಬೀಳುವ ನೀಲಿ ಗುರುತನ್ನು ಜನಿವಾರಕ್ಕೆ ಹೋಲಿಸಿದರು. ಅದು ಯಾರಿಗೆ ಸಿಗ್ತದೆ, ಯಾರಿಗೆ ಸಿಗೋದಿಲ್ಲ, ಯಾರು ತೀರ್ಮಾನ ಮಾಡ್ತಾರೆ? ನಮ್ಮ ನಿಯಮದಲ್ಲಿ ಪಕ್ಷಪಾತ ಇಲ್ಲ ಎಂದು ಕಂಪನಿ ಉತ್ತರ ಕೊಟ್ಟಿತು. ಮಂಡಲ್ ಅವರಿಗೆ ನೀಲಿ ಗುರುತೂ ಸಿಕ್ಕಿತು. ಒಬ್ಬನಿಗೆ ಒಳಗೆ ಮಣೆ ಹಾಕಿ ನೂರು ಜನರನ್ನು ಅಂಗಳದಲ್ಲಿ ಕೂರಿಸುವ ಉಪಾಯ ನಮಗೇನು ಹೊಸದೇ?

ಆಗಲೇ ಜನ ಮ್ಯಾಸ್ಟೊಡಾನ್ ಕಡೆ ತಿರುಗಿದ್ದು. ಇದನ್ನು 2016ರಲ್ಲಿ ಜರ್ಮನಿಯ ಯೂಜೆನ್ ರೋಚ್ಕೊ ಎಂಬ ತರುಣ ಹೊರತಂದ. ಕೆಲಸ ಮಾಡುವ ಬಗೆ ಸರಳ. ನಮ್ಮ ಅಂಚೆಯನ್ನು ನೆನೆಸಿಕೊಳ್ಳಿ. ಒಂದೊಂದು ಊರಿಗೂ ಒಂದು ಅಂಚೆ ಕಚೇರಿ. ಇಲ್ಲಿ ಹಾಕಿದ ಕಾಗದ ಅಲ್ಲಿಗೆ ಹೋಗ್ತದೆ. ಅಂಚೆಗಾದರೂ ದಿಲ್ಲಿಯಲ್ಲಿ ಒಬ್ಬ ಯಜಮಾನ ಇದ್ದಾನೆ, ಇಲ್ಲಿ ಅವನೂ ಇಲ್ಲ. ಯಾರು ಬೇಕಾದರೂ ತಮ್ಮದೇ ಕಂಪ್ಯೂಟರಿನಲ್ಲಿ ಒಂದು ಕಚೇರಿ ತೆರೆಯಬಹುದು. ಅದಕ್ಕೆ ಸರ್ವರ್ ಅಂತಾರೆ. ಸರ್ವರುಗಳು ಒಂದಕ್ಕೊಂದು ಮಾತಾಡಲು ಆಕ್ಟಿವಿಟಿಪಬ್ ಎಂಬ ಒಪ್ಪಿತ ನಿಯಮವಿದೆ. ಜಾಲದ ಮಾನದಂಡಗಳನ್ನು ಗೊತ್ತುಮಾಡುವ ಒಕ್ಕೂಟ ಅದನ್ನು 2018ರ ಜನವರಿಯಲ್ಲಿ ಮಾನ್ಯ ಮಾಡಿತು. ಜಾಹೀರಾತಿಲ್ಲ. ಯಾರನ್ನು ಕೆರಳಿಸಿದರೆ ಲಾಭ ಅಂತ ಲೆಕ್ಕ ಹಾಕುವ ಯಂತ್ರವಿಲ್ಲ. ಒಂದು ಸರ್ವರಿನವರು ಹೊರಗೆ ಹಾಕಿದರೆ ಇನ್ನೊಂದಕ್ಕೆ ಹೋಗಬಹುದು.

ಇಷ್ಟೆಲ್ಲ ಇದ್ದೂ ಜನ ಯಾಕೆ ನಿಲ್ಲಲಿಲ್ಲ? ನಮಗೆ ಕಂಡ ಕಾರಣ ಮೂರು.

ಒಂದು, ನಾವು ಯಾರ ಕಿವಿಗೆ ಕೂಗಬೇಕಾಗಿತ್ತೋ ಅವರು ಹಳೆಯ ಜಗಲಿಯಲ್ಲೇ ಇದ್ದರು. ಮಂತ್ರಿ, ಪೊಲೀಸು, ಪತ್ರಿಕೆಯವರು ಎಲ್ಲ ಅಲ್ಲೇ. ದೌರ್ಜನ್ಯದ ಸುದ್ದಿಯನ್ನು ನಮ್ಮ ನಮ್ಮಲ್ಲೇ ಹೇಳಿಕೊಂಡರೆ ಎಫ್.ಐ.ಆರ್. ಆಗುವುದಿಲ್ಲ.

ಎರಡು, ಟ್ವಿಟರಿನಲ್ಲಿ ವರ್ಷಗಟ್ಟಲೆ ಕೂಡಿಸಿದ ಓದುಗರನ್ನು ಹೊತ್ತು ತರಲು ಬರುವುದಿಲ್ಲ. ಜೀತ ಬಿಟ್ಟು ಹೊರಟವನು ಉಟ್ಟ ಬಟ್ಟೆಯಲ್ಲೇ ಹೊರಡಬೇಕು. ಮ್ಯಾಸ್ಟೊಡಾನಿನ ಒಂದು ಸರ್ವರಿನಿಂದ ಇನ್ನೊಂದಕ್ಕೆ ಹಿಂಬಾಲಕರನ್ನು ಕರೆದೊಯ್ಯುವ ಸೌಲಭ್ಯ 2019ರ ಅಕ್ಟೋಬರಿನಲ್ಲಷ್ಟೇ ಬಂದಿತ್ತು. ಅಲ್ಲೂ ಬರೆದ ಬರಹ ಹಿಂದೆಯೇ ಉಳಿಯುತ್ತದೆ.

ಮೂರನೆಯದು ಮುಖ್ಯ. ಒಡೆಯನಿಲ್ಲದ ಜಾಗಕ್ಕೆ ಹೋದವರು ಅಲ್ಲೂ ಒಕ್ಕಲಾಗಿಯೇ ಹೋದರು. ಬಹುಪಾಲು ಜನ ಸೇರಿದ್ದು ಯುರೋಪಿನವರು ಕಟ್ಟಿದ ದೊಡ್ಡ ಸರ್ವರುಗಳಿಗೆ. ಅವರು ಒಳ್ಳೆಯವರೇ ಇರಬಹುದು. ಆದರೆ ಕನ್ನಡದಲ್ಲೋ ಹಿಂದಿಯಲ್ಲೋ ಜಾತಿ ಹಿಡಿದು ಬೈದರೆ ಅದರ ಏಟು ಎಂಥದು ಅಂತ ಅವರಿಗೆ ತಿಳಿಯುವುದು ಹೇಗೆ? ನಮ್ಮ ಮನೆ ನಾವು ಕಟ್ಟಿರಲಿಲ್ಲ. ಬಿಡಾರ ಬದಲಾಯಿಸಿದ್ದೆವು, ಅಷ್ಟೆ.

ಮುಂದೆ 2022ರ ಅಕ್ಟೋಬರಿನಲ್ಲಿ ಎಲಾನ್ ಮಸ್ಕ್ 4,400 ಕೋಟಿ ಡಾಲರಿಗೆ ಟ್ವಿಟರನ್ನೇ ಕೊಂಡುಕೊಂಡ. ಬಂದ ಒಂದೇ ವಾರಕ್ಕೆ ಸುಮಾರು ಅರ್ಧದಷ್ಟು ಕೆಲಸಗಾರರನ್ನು ಮನೆಗೆ ಕಳಿಸಿದ. ನಾವು ಜನಿವಾರ ಅಂದಿದ್ದ ನೀಲಿ ಗುರುತನ್ನು ತಿಂಗಳಿಗೆ 8 ಡಾಲರಿನಂತೆ ಮಾರಾಟಕ್ಕಿಟ್ಟ. ಹುಟ್ಟಿನ ಜಾಗಕ್ಕೆ ದುಡ್ಡು ಬಂತು, ಸಮಾನತೆ ಬರಲಿಲ್ಲ. ಈ ಸಲ ಎದ್ದು ಹೊರಟವರು ಜಗತ್ತಿನ ಎಲ್ಲ ಕಡೆಯವರು. ಆ ವರ್ಷದ ಕೊನೆಗೆ ಮ್ಯಾಸ್ಟೊಡಾನಿನ ತಿಂಗಳ ಬಳಕೆದಾರರು ಸುಮಾರು 25 ಲಕ್ಷಕ್ಕೆ ಮುಟ್ಟಿದರು. ಡಿಸೆಂಬರಿನಲ್ಲಿ ಮಸ್ಕನ ಕಂಪನಿ ಮ್ಯಾಸ್ಟೊಡಾನಿನ ಖಾತೆಯನ್ನೇ ಮುಚ್ಚಿತು. ಅಲ್ಲಿಗೆ ಹೋಗುವ ಕೊಂಡಿಗಳನ್ನೂ ನಿಷೇಧಿಸಿ, ಗಲಾಟೆಯಾದ ಮೇಲೆ ಹಿಂತೆಗೆಯಿತು. ಹೋಗುವವನು ಹೊಸ ಊರಿನ ಹೆಸರನ್ನು ಗೋಡೆ ಮೇಲೆ ಬರೆಯುವ ಹಾಗಿಲ್ಲ! ಜಗಲಿ ಯಾರದು ಎಂಬ ಸಂಶಯ ಉಳಿದಿದ್ದವರಿಗೂ ಅವತ್ತು ಅದು ತೀರಿತು.

ಹಾಗಾದರೆ ವಿಕೇಂದ್ರೀಕರಣವೇ ಮದ್ದೇ? ಗೆಳೆಯರೇ, ಇಲ್ಲಿ ನಾವು ಸ್ವಲ್ಪ ನಿಲ್ಲಬೇಕು. ಈ ಪದವನ್ನು ನಾವು ಹಿಂದೆಯೂ ಕೇಳಿದ್ದೇವೆ. ಹಳ್ಳಿಯೇ ಗಣರಾಜ್ಯವಾಗಲಿ ಅಂತ ದೊಡ್ಡವರು ಹೇಳಿದಾಗ ಅಂಬೇಡ್ಕರ್ 1948ರ ನವೆಂಬರ್ 4ರಂದು ಸಂವಿಧಾನ ಸಭೆಯಲ್ಲಿ ಎದ್ದು ನಿಂತು, ಹಳ್ಳಿಯೆಂದರೆ ಸಂಕುಚಿತತೆಯ ಗುಂಡಿ ಅಂತ ಬಿಡಿಸಿ ಹೇಳಿದರು. ಅಧಿಕಾರ ದಿಲ್ಲಿಯಿಂದ ಇಳಿದು ಊರಿಗೆ ಬಂದರೆ ಅದು ಕೇರಿಗೇ ಬರ್ತದೆ ಅಂತ ಏನು ಖಾತ್ರಿ? ಗೌಡನ ಅಂಗಳದಲ್ಲೇ ನಿಂತುಬಿಡಬಹುದು.

ಜಾಲದಲ್ಲೂ ಹಾಗೇ ಆಯಿತು. 2022ರಲ್ಲಿ ಮ್ಯಾಸ್ಟೊಡಾನಿಗೆ ಬಂದ ಅಮೆರಿಕದ ಕಪ್ಪು ಜನರಿಗೆ ಅಲ್ಲಿ ಒಂದು ಬುದ್ಧಿಮಾತು ಕಾದಿತ್ತು. ವರ್ಣದ್ವೇಷದ ಮಾತನ್ನು ಎಚ್ಚರಿಕೆಯ ಪರದೆ ಹಿಂದೆ ಬರೆಯಿರಿ, ಓದುವವರಿಗೆ ಕಸಿವಿಸಿಯಾಗ್ತದೆ! ಊಟದ ಹೊತ್ತಲ್ಲಿ ಜಾತಿ ಮಾತು ಬೇಡ ಅನ್ನುವವರನ್ನು ನಾವು ನೋಡಿಲ್ಲವೇ? 2019ರಲ್ಲಿ ಗ್ಯಾಬ್ ಎಂಬ ದ್ವೇಷಿಗಳ ತಾಣ ಇದೇ ತಂತ್ರಾಂಶ ಬಳಸಿ ತನ್ನ ಕೋಟೆ ಕಟ್ಟಿಕೊಂಡಿತು. ಅನೇಕ ಸರ್ವರುಗಳು ಅದರೊಂದಿಗೆ ಸಂಬಂಧ ಕಡಿದುಕೊಂಡವು, ಅಷ್ಟು ಬಲ ಇಲ್ಲಿದೆ. ಆದರೆ ಬೀಗದ ಕೈ ಯಾರ ಸೊಂಟದಲ್ಲಿದೆ ಎಂಬ ಪ್ರಶ್ನೆ ಸರ್ವರು ಸರ್ವರಿಗೂ ಉಳಿಯುತ್ತದೆ.

ನೆಲದ ಪ್ರಶ್ನೆಯೂ ಇದೆ. ಲೈಂಗಿಕ ಅಲ್ಪಸಂಖ್ಯಾತರ ಒಂದು ಸರ್ವರು ಅಫಘಾನಿಸ್ತಾನದ ಪಾಲಿಗೆ ಬಂದ ವಿಳಾಸದ ಬಾಲ ಹಚ್ಚಿಕೊಂಡಿತ್ತು. 2024ರ ಫೆಬ್ರವರಿಯಲ್ಲಿ ತಾಲಿಬಾನ್ ಆಡಳಿತ ಆ ವಿಳಾಸವನ್ನೇ ಕಿತ್ತುಕೊಂಡಿತು. ಮನೆ ನಮ್ಮದು ಅಂದ್ರೆ ಸಾಲದು, ಪಹಣಿ ಯಾರ ಹೆಸರಲ್ಲಿದೆ ಅಂತಲೂ ನೋಡಬೇಕು.

ನಮ್ಮ ಕರ್ನಾಟಕದ್ದೇ ಒಂದು ಪಾಠ ಇದೆ. 2020ರಲ್ಲಿ ಬೆಂಗಳೂರಿನಲ್ಲಿ 'ಕೂ' ಎಂಬ ತಾಣ ಶುರುವಾಯಿತು, ಮೊದಲು ಕನ್ನಡದಲ್ಲೇ. 2021ರಲ್ಲಿ ರೈತ ಚಳವಳಿಯ ಖಾತೆಗಳ ವಿಷಯಕ್ಕೆ ಸರ್ಕಾರಕ್ಕೂ ಟ್ವಿಟರಿಗೂ ಜಗಳ ಬಂದಾಗ ಮಂತ್ರಿಗಳು ಇತ್ತ ಬಂದರು. 2024ರ ಜುಲೈನಲ್ಲಿ, ಹಣ ಹಾಕುವವರು ಸಿಗದೆ, ಅಂಗಡಿ ಮುಚ್ಚಿತು. ಭಾಷೆ ನಮ್ಮದಾಗಿತ್ತು, ಊರು ನಮ್ಮದಾಗಿತ್ತು. ಜಗಲಿ ಮಾತ್ರ ಆಗಲೂ ನಮ್ಮದಾಗಿರಲಿಲ್ಲ.

ಬೇರೆ ದಾರಿಯೂ ನಮಗೆ ಗೊತ್ತಿದೆ. 1979ರ ಧರ್ಮಸ್ಥಳದ ಸಾಹಿತ್ಯ ಸಮ್ಮೇಳನದಲ್ಲಿ ದಲಿತ ಸಾಹಿತ್ಯಕ್ಕೆ ಒಂದು ಗೋಷ್ಠಿ ಕೊಡಿ ಅಂದದ್ದಕ್ಕೆ ಇಲ್ಲ ಅಂದರು. ಅದೇ ವರ್ಷ ಮಾರ್ಚಿನಲ್ಲಿ ಬೆಂಗಳೂರಿನಲ್ಲಿ ಬಂಡಾಯ ಸಾಹಿತ್ಯ ಸಮ್ಮೇಳನ ನಡೆಯಿತು. ಅವರು ಇನ್ನೊಬ್ಬರ ಚಪ್ಪರಕ್ಕೆ ಹೋಗಲಿಲ್ಲ, ತಮ್ಮ ಚಪ್ಪರ ತಾವೇ ಹಾಕಿದರು. ಚಂದಾ ಎತ್ತಿದರು, ಚಾಪೆ ಹಾಸಿದರು, ಪತ್ರಿಕೆಗಳನ್ನು ಬಸ್ಸಿನಲ್ಲಿ ಹೊತ್ತರು. ಅಮೆರಿಕದ ಕಪ್ಪು ಜನರೂ ಇದನ್ನೇ ಮಾಡಿದ್ದಾರೆ. ರೂಡಿ ಫ್ರೇಸರ್ ಎಂಬಾತ 2023ರಲ್ಲಿ ಬ್ಲೂಸ್ಕೈ ಜಾಲದೊಳಗೆ ಬ್ಲ್ಯಾಕ್‌ಸ್ಕೈ ಕಟ್ಟಲು ಶುರು ಮಾಡಿದ. ಅಲ್ಲಿ ಕಪ್ಪು ಜನರ ಮೇಲಿನ ನಿಂದನೆ ಯಾವುದು ಅಂತ ಹೇಳುವವರು ಕಪ್ಪು ಜನರೇ.

ಆದ್ದರಿಂದ ಹಳೆಯ ಜಗಲಿಗೆ ಹೋಗಲೇಬೇಡಿ ಅಂತ ನಾವು ಹೇಳುವುದಿಲ್ಲ. ಮಂತ್ರಿ ಅಲ್ಲಿ ಕೂತಿರುವ ತನಕ ಹೋಗಿ ಕೂಗಿ ಬನ್ನಿ. ಆದರೆ ಮಲಗುವ ಮನೆ ಬೇರೆ ಇರಲಿ. ಬರೆದ ಪ್ರತಿಯೊಂದರ ನಕಲನ್ನು ನಿಮ್ಮ ಹತ್ತಿರ ಇಟ್ಟುಕೊಳ್ಳಿ. ಕಂಪ್ಯೂಟರ್ ಓದುತ್ತಿರುವ ನಮ್ಮ ಹುಡುಗ ಹುಡುಗಿಯರು ಕಂಪನಿಯ ಕೆಲಸಕ್ಕೆ ಹೋಗಲಿ, ಬೇಡ ಅನ್ನೋದಿಲ್ಲ. ಸರ್ವರು ನಡೆಸೋದನ್ನೂ ಕಲಿತು ಬರಲಿ. ಬಾಡಿಗೆ ಕಟ್ಟಬೇಕು, ಕಾವಲು ಕಾಯುವವರಿಗೆ ಕೂಲಿ ಕೊಡಬೇಕು. ಅದಕ್ಕೆ ಸಣ್ಣ ಪತ್ರಿಕೆಗೆ ಎತ್ತುವ ಹಾಗೆ ಚಂದಾ ಎತ್ತಬೇಕು. ಬೀಗದ ಕೈ ಒಬ್ಬರ ಹತ್ತಿರ ಇರಕೂಡದು. ಹೆಣ್ಣುಮಕ್ಕಳ ಕೈಯಲ್ಲೂ ಇರಬೇಕು. ಜಾತಿನಿಂದನೆ ಏನು ಎಂಬುದನ್ನು ಮೊದಲ ದಿನವೇ, ನಮ್ಮ ಭಾಷೆಯಲ್ಲೇ, ಬರೆದು ಬಾಗಿಲಿಗೆ ಅಂಟಿಸಬೇಕು.

ಹಳ್ಳಿಯ ಮೇಷ್ಟರುಗಳು ಇದನ್ನು ತಮ್ಮ ಶಾಲೆಯ ದೊಡ್ಡ ಮಕ್ಕಳಿಗೆ ಹೇಳಲಿ. ಮುಂದಿನ ಸಲ ಎದ್ದು ಹೊರಡುವಾಗ ಹೋಗಿ ಸೇರಲು ನಮ್ಮದೇ ಒಂದು ಮನೆ ಇರಬೇಕು. ಅದನ್ನು ಕಟ್ಟುವ ಕೆಲಸ ಹೊರಡುವ ದಿನ ಶುರು ಮಾಡಿದರೆ ಆಗೋದಿಲ್ಲ. ಈಗಲೇ ಮಾಡಬೇಕು.