ಬೇರಿಂಗ್ ದ್ವೀಪದ ಕಡಲಹಸು ಅಳಿದದ್ದು ಹೇಗೆ?

1741ರ ನವೆಂಬರ್‌ನಲ್ಲಿ ಅನ್ವೇಷಕ ವಿಟಸ್ ಬೇರಿಂಗ್‌ನ ಹಡಗು ರಷ್ಯಾದ ಕಮ್ಚಾಟ್ಕದ ಪೂರ್ವಕ್ಕಿರುವ ನಿರ್ಜನ ದ್ವೀಪವೊಂದರ ದಡ ಸೇರಿ ಅಲ್ಲೇ ನಾಶವಾಯಿತು. ಕಡಲಹಸುವನ್ನು ಜೀವಂತವಾಗಿ ಕಂಡು ವಿವರವಾಗಿ ಬರೆದಿಟ್ಟ ಏಕೈಕ ನಿಸರ್ಗ ವಿಜ್ಞಾನಿ ಗೇಯಾರ್ಗ್ ಸ್ಟೆಲ್ಲರ್ ಆ ಹಡಗಿನಲ್ಲಿದ್ದ. ಎಂಟು ಮೀಟರ್‌ಗೂ ಹೆಚ್ಚು ಉದ್ದ, ಹಲ್ಲಿಲ್ಲದ ಬಾಯಿ, ಮರದ ತೊಗಟೆಯಂಥ ಚರ್ಮ. ದಡದಂಚಿನ ಕೆಲ್ಪ್ ಪಾಚಿಯೇ ಮೇವು. ಮೇಯುವಾಗ ಬೆನ್ನು ನೀರಿನ ಮೇಲೇ ಇರುತ್ತಿದ್ದುದರಿಂದ ಈಟಿಗೆ ಸುಲಭದ ಗುರಿ. ಸತ್ತ ಹೆಣ್ಣನ್ನು ಹುಡುಕಿಕೊಂಡು ಗಂಡು ಸತತ ಎರಡು ದಿನ ದಡಕ್ಕೆ ಬಂದುದನ್ನೂ ಸ್ಟೆಲ್ಲರ್ ದಾಖಲಿಸಿದ್ದಾನೆ.

ಕಡಲ ನೀರುನಾಯಿಯ ತುಪ್ಪಳಕ್ಕಾಗಿ ಬಂದ ಬೇಟೆಗಾರರು ಕಡಲಹಸುವಿನ ಮಾಂಸವನ್ನೇ ಉಂಡು ಚಳಿಗಾಲ ಕಳೆದರು. ಗಾಯಗೊಂಡು ತಪ್ಪಿಸಿಕೊಂಡ ಎಷ್ಟೋ ಪ್ರಾಣಿಗಳು ಕಡಲಲ್ಲೇ ಸತ್ತು ಯಾರಿಗೂ ದಕ್ಕಲಿಲ್ಲ. 1768ರ ಹೊತ್ತಿಗೆ, ಬರೀ 27 ವರ್ಷಗಳಲ್ಲಿ, ಕಡಲಹಸು ಇಲ್ಲವಾಯಿತು.

ಬೇಟೆಯೊಂದೇ ಕಾರಣವೇ? ನೀರುನಾಯಿಗಳು ಕಡಿಮೆಯಾದಾಗ ಅವುಗಳ ಆಹಾರವಾಗಿದ್ದ ಸೀ ಅರ್ಚಿನ್‌ಗಳು ಹೆಚ್ಚಿ, ಕೆಲ್ಪ್ ಕಾಡನ್ನು ತಿಂದು ಮುಗಿಸಿರಬಹುದು ಎಂಬ ವಾದವಿದೆ. ಒಂದು ಕಾಲಕ್ಕೆ ಜಪಾನಿನಿಂದ ಕ್ಯಾಲಿಫೋರ್ನಿಯಾದವರೆಗೂ ಇದ್ದ ಈ ಪ್ರಾಣಿಯ ಸಂಖ್ಯೆ ಮನುಷ್ಯರ ಈಟಿ ತಾಗುವ ಬಹಳ ಮೊದಲೇ ಕುಗ್ಗತೊಡಗಿತ್ತು ಎನ್ನುತ್ತದೆ ಮೂಳೆಗಳ ಡಿಎನ್‌ಎ ಅಧ್ಯಯನ. ಆದರೂ ಅಳಿದುಳಿದ ಹಿಂಡನ್ನು ಮುಗಿಸಿದ್ದು ಬೇಟೆಯೇ.