ಗೂಡ್ಸ್ ವ್ಯಾಗನ್ನಿನ ಮಾದರಿ ಕಟ್ಟುವುದು: 14 ಸೆಂಟಿಮೀಟರಿನಲ್ಲಿ ಹಿಡಿಸಿದ ಕಾನೂನಿನ ಚರಿತ್ರೆ

ಅಮೆರಿಕದಲ್ಲಿ ಒಂದು ಬಗೆಯ ಹವ್ಯಾಸಿಗಳಿದ್ದಾರೆ. ಅವರಿಗೆ ರೈಲು ಎಂಜಿನ್ ಮೇಲೆ ಅಷ್ಟೇನೂ ಮೋಹವಿಲ್ಲ, ಪ್ಯಾಸೆಂಜರ್ ಗಾಡಿ ಮೇಲೂ ಇಲ್ಲ. ಅವರ ಕಣ್ಣೆಲ್ಲ ಗೂಡ್ಸ್ ವ್ಯಾಗನ್ ಮೇಲೆ. ಧಾನ್ಯ, ಮರ, ಕಲ್ಲಿದ್ದಲು, ಡಬ್ಬಿ ತುಂಬಿದ ತರಕಾರಿ ಹೊತ್ತು ತಿರುಗುತ್ತಿದ್ದ, ಯಾರೂ ತಿರುಗಿ ನೋಡದ ಕಂದು ಪೆಟ್ಟಿಗೆಗಳವು. ಅದನ್ನೇ 87 ಪಟ್ಟು ಚಿಕ್ಕದಾಗಿ, ಒಂದೊಂದು ಬೋಲ್ಟೂ ಸರಿಯಾಗಿ ಕೂರುವ ಹಾಗೆ ಕಟ್ಟುತ್ತಾರೆ. ಕಟ್ಟಿದ್ದನ್ನು ನೋಡಿದ ಗೆಳೆಯರು "ಚೆನ್ನಾಗಿದೆ" ಅನ್ನೋದಕ್ಕೂ ಮುಂಚೆ "ಇದು ಯಾವ ವರ್ಷದ್ದು? ಆ ವರ್ಷ ಈ ಬ್ರೇಕ್ ಇತ್ತಾ?" ಅಂತ ಕೇಳುತ್ತಾರೆ.

ನಿವೃತ್ತರ ಕಾಲಕ್ಷೇಪ ಅಂತ ತಳ್ಳಿಹಾಕೋದು ಸುಲಭ. ಆದರೆ ಆ ಎರಡನೇ ಪ್ರಶ್ನೆಗೆ ಉತ್ತರ ಹುಡುಕಲು ಹೊರಟರೆ ನೀವು ಹೋಗಿ ನಿಲ್ಲೋದು ಕಾರ್ಮಿಕರ ಸಾವು, ಸಂಸತ್ತಿನ ಕಾಯ್ದೆ, ಏಕಸ್ವಾಮ್ಯದ ಜಗಳ, ಯುದ್ಧಕಾಲದ ಉಕ್ಕಿನ ಬರ ಇವುಗಳ ಮುಂದೆ. ವ್ಯಾಗನ್ನಿನ ನೆತ್ತಿಯ ಹಲಗೆ, ಮೂಲೆಯ ಏಣಿ, ಹೊಟ್ಟೆಯ ಕೆಳಗಿನ ಸಿಲಿಂಡರ್, ಬದಿಯ ಬರಹ ಎಲ್ಲಕ್ಕೂ ಒಂದು ತಾರೀಖಿದೆ. ಅದನ್ನು ಓದಲು ಬರದಿದ್ದರೆ ಸರಿಯಾದ ಮಾದರಿ ಕಟ್ಟೋಕೆ ಆಗಲ್ಲ. ಓದೋದು ಹೇಗೆ, ಕಟ್ಟೋದು ಹೇಗೆ ಅನ್ನೋದೇ ಈ ಲೇಖನ.

ಮೊದಲು ಒಂದು ಪದದ ಗೊಂದಲ ಬಗೆಹರಿಸೋಣ. ನಮ್ಮ ಆಡುಮಾತಿನಲ್ಲಿ ಬೋಗಿ ಅಂದರೆ ಇಡೀ ಡಬ್ಬಿ. ರೈಲ್ವೆ ಇಂಜಿನಿಯರುಗಳಿಗೆ ಬೋಗಿ ಅಂದರೆ ಡಬ್ಬಿಯ ಕೆಳಗೆ ಚಕ್ರ ಹೊತ್ತ ಚೌಕಟ್ಟು, ಅಮೆರಿಕದವರು ಅದಕ್ಕೆ ಟ್ರಕ್ ಅಂತಾರೆ. ಇಲ್ಲಿ ಡಬ್ಬಿಗೆ ವ್ಯಾಗನ್, ಚೌಕಟ್ಟಿಗೆ ಟ್ರಕ್.

ಅಳತೆ

ಅಮೆರಿಕದಲ್ಲಿ ಹೆಚ್ಚು ಬಳಕೆಯಲ್ಲಿರುವ ಅಳತೆ ಎಚ್‌ಒ. ನಿಜ ರೈಲಿನ ಒಂದು ಅಡಿಗೆ ಇಲ್ಲಿ 3.5 ಮಿ.ಮೀ., ಅಂದರೆ 1:87.1. ಇದಕ್ಕಿಂತ ಚಿಕ್ಕದು ಎನ್ (1:160), ದೊಡ್ಡದು ಒ (1:48). 20ನೇ ಶತಮಾನದ ಮೊದಲರ್ಧದ ಸಾಮಾನ್ಯ 40 ಅಡಿ ಬಾಕ್ಸ್‌ಕಾರ್, ಅಂದರೆ ಮುಚ್ಚಿದ ವ್ಯಾಗನ್, ಎಚ್‌ಒದಲ್ಲಿ 14 ಸೆಂ.ಮೀ. ಉದ್ದ ಬರುತ್ತೆ. ನಿಜದಲ್ಲಿ ಮುಕ್ಕಾಲು ಇಂಚು ದಪ್ಪ ಇರುವ ಕೈಹಿಡಿ ಇಲ್ಲಿ ಕೇವಲ 0.22 ಮಿ.ಮೀ.!

ಇಲ್ಲೇ ರಾಜಿ ಶುರುವಾಗುತ್ತೆ. ನಿಜ ಚಕ್ರದ ಅಂಚು ಸುಮಾರು 5.7 ಇಂಚು ಅಗಲ, ಮಾದರಿಯಲ್ಲಿ ಸುಮಾರು 1.7 ಮಿ.ಮೀ. ಇರಬೇಕು. ಆದರೆ ಬಹುಕಾಲ ಚಾಲ್ತಿಯಲ್ಲಿದ್ದ ಮಾದರಿ ಚಕ್ರ 0.110 ಇಂಚು, ಅಂದರೆ 2.8 ಮಿ.ಮೀ. ಹಳಿ ಬಿಟ್ಟು ಜಾರದಿರಲಿ ಅಂತ ಹಾಗೆ ಮಾಡಿದ್ದು. ಈಗ ಅನೇಕರು 0.088 ಇಂಚಿನ ತೆಳು ಚಕ್ರ ಹಾಕುತ್ತಾರೆ. ನೋಟಕ್ಕೂ ಓಟಕ್ಕೂ ನಡುವಿನ ಒಪ್ಪಂದ ಇದು.

ಯಾವ ವ್ಯಾಗನ್, ಯಾವ ವರ್ಷ

"ಒಂದು ಹಳೇ ಬಾಕ್ಸ್‌ಕಾರ್" ಅಂತ ಕಟ್ಟೋಕೆ ಬರಲ್ಲ. ಯಾವ ಕಂಪನಿ, ಯಾವ ಮಾದರಿ, ಯಾವ ನಂಬರ್, ಯಾವ ವರ್ಷ ಅಂತ ಮೊದಲೇ ತೀರ್ಮಾನ ಆಗಬೇಕು. ಉದಾಹರಣೆಗೆ ಪೆನ್ಸಿಲ್ವೇನಿಯಾ ರೈಲ್‌ರೋಡ್ ಕಂಪನಿಯ ಎಕ್ಸ್29. 1924ರಿಂದ ಸುಮಾರು ಹತ್ತು ವರ್ಷ ತಯಾರಾದ, ಪೂರ್ತಿ ಉಕ್ಕಿನ ಬಾಕ್ಸ್‌ಕಾರ್. ಹೆಚ್ಚುಕಡಿಮೆ 30,000 ವ್ಯಾಗನ್ ಬಂದವು. ಎಲ್ಲ ಒಂದೇ ಅನ್ಕೊಂಡರೆ ಕೆಟ್ಟಿರಿ. ಮೊದಲು ಬಂದವುಗಳ ತುದಿಗೋಡೆ ಸಪಾಟು ತಗಡಿನದ್ದು, ನಂತರದವುಗಳಲ್ಲಿ ಏರಿಳಿತದ ಮಡಿಕೆ ಇರುವ ಗೋಡೆ. ಬಾಗಿಲು ಬದಲಾಯಿತು, ಬ್ರೇಕ್ ಬದಲಾಯಿತು. ವರ್ಷ ಕಳೆದಂತೆ ಬದಿಯ ತಗಡಿನ ಕೆಳ ಅಂಚು ತುಕ್ಕು ಹಿಡಿಯಿತು, ರಿಪೇರಿಯವರು ಅಲ್ಲಿ ತೇಪೆ ತಗಡು ರಿವೆಟ್ ಹೊಡೆದರು. ಕಂಪನಿಯ ಲಾಂಛನವೂ 1954ರ ಸುಮಾರಿಗೆ ಬೇರೆಯಾಯಿತು.

ಹಾಗಾಗಿ 1950ರ ಎಕ್ಸ್29 ಕಟ್ಟುವವರು ಕಾರ್ಖಾನೆಯಿಂದ ಹೊರಬಿದ್ದ ದಿನದ ಫೋಟೋ ನೋಡಿ ಕಟ್ಟಿದರೆ, 25 ವರ್ಷದ ದುಡಿಮೆಯನ್ನೇ ಅಳಿಸಿಹಾಕಿದ ಹಾಗೆ.

ವರ್ಷ ಹೇಳುವ ಭಾಗಗಳು

ಕಪ್ಲರ್: 19ನೇ ಶತಮಾನದಲ್ಲಿ ವ್ಯಾಗನ್‌ಗಳನ್ನು ಕೊಂಡಿ ಮತ್ತು ಗೂಟದಿಂದ ಜೋಡಿಸುತ್ತಿದ್ದರು. ಎರಡು ವ್ಯಾಗನ್ ಡಿಕ್ಕಿ ಹೊಡೆಯುವ ಕ್ಷಣದಲ್ಲಿ ನಡುವೆ ನಿಂತ ಕಾರ್ಮಿಕ ಕೈಯಿಂದ ಕೊಂಡಿ ಸೇರಿಸಬೇಕು. ಬೆರಳು ಹೋಗೋದು ಮಾಮೂಲು, ಜೀವವೂ ಹೋಗುತ್ತಿತ್ತು. ಈಲೈ ಜಾನಿ ತಾನಾಗಿ ಕಚ್ಚಿಕೊಳ್ಳುವ ಕಪ್ಲರ್‌ಗೆ ಪೇಟೆಂಟ್ ಪಡೆದದ್ದು 1873ರಲ್ಲಿ. ಜಾರ್ಜ್ ವೆಸ್ಟಿಂಗ್‌ಹೌಸ್ ಏರ್ ಬ್ರೇಕ್ ತಂದದ್ದು 1869ರಲ್ಲಿ. ತಂತ್ರಜ್ಞಾನ ಕೈಯಲ್ಲೇ ಇತ್ತು, ಖರ್ಚು ಮಾಡುವ ಮನಸ್ಸು ಕಂಪನಿಗಳಿಗೆ ಇರಲಿಲ್ಲ. ರೈಲ್ವೆ ಕಾರ್ಮಿಕರ ಅಪಾಯ ಯುದ್ಧದಲ್ಲಿರುವ ಸೈನಿಕನ ಅಪಾಯಕ್ಕೆ ಸಮ ಅಂತ ಅಧ್ಯಕ್ಷ ಬೆಂಜಮಿನ್ ಹ್ಯಾರಿಸನ್ 1889ರಲ್ಲೇ ಸಂಸತ್ತಿಗೆ ಹೇಳಿದ್ದರು. ಸುರಕ್ಷತಾ ಸಾಧನ ಕಾಯ್ದೆ ಬಂದದ್ದು 1893ರಲ್ಲಿ, ಅದು ಪೂರ್ತಿ ಜಾರಿಯಾಗಲು 1900ರವರೆಗೆ ಕಾಯಬೇಕಾಯಿತು. ಮಾದರಿಯಲ್ಲಿ ಕಪ್ಲರ್ ಅಂಟಿಸುವಾಗ ಪೇಟೆಂಟಿನಿಂದ ಜಾರಿಯವರೆಗಿನ ಈ 27 ವರ್ಷ ನೆನಪಿರಲಿ.

ಏಣಿ, ಕೈಹಿಡಿ: ಎಲ್ಲಿ, ಎಷ್ಟು ಇರಬೇಕು ಅನ್ನೋದು 1910ರ ಕಾಯ್ದೆ ಮತ್ತು 1911ರ ಆದೇಶದಿಂದ ಏಕರೂಪವಾಯಿತು. ಅಲ್ಲಿಯವರೆಗೆ ಕಂಪನಿಗೊಂದು ರೀತಿ ಇತ್ತು. ಕತ್ತಲಲ್ಲಿ, ಮಂಜಿನಲ್ಲಿ ಹತ್ತುವವನಿಗೆ ಮೆಟ್ಟಿಲು ಎಲ್ಲಿದೆ ಅಂತ ಕಾಲಿನ ಅಂದಾಜಿಗೇ ಗೊತ್ತಾಗಬೇಕಲ್ಲ?

ನೆತ್ತಿಯ ಹಲಗೆ: ಬ್ರೇಕ್‌ಮನ್‌ಗಳು ಓಡುವ ರೈಲಿನ ಮೇಲೆ ನಡೆದು ಕೈಬ್ರೇಕ್ ತಿರುಗಿಸುತ್ತಿದ್ದ ದಾರಿ ಇದು. ಏರ್ ಬ್ರೇಕ್ ಬಂದ ಮೇಲೂ ದಶಕಗಟ್ಟಲೆ ಉಳಿಯಿತು. 1966ರಿಂದ ಹೊಸ ಬಾಕ್ಸ್‌ಕಾರ್‌ಗಳಿಗೆ ಹಲಗೆ ಬಿಟ್ಟರು, ಹಳೆಯವುಗಳಿಂದ ತೆಗೆಯಲು ಇನ್ನೂ ಎಷ್ಟೋ ವರ್ಷ ಹಿಡಿಯಿತು.

ಬ್ರೇಕ್: ಹಳೆಯ 'ಕೆ' ಮಾದರಿಯಲ್ಲಿ ಸಾಮಾನ್ಯವಾಗಿ ಸಿಲಿಂಡರೂ ಗಾಳಿ ಟ್ಯಾಂಕೂ ಒಂದೇ ಗಂಟು. 'ಎಬಿ' ಮಾದರಿಯಲ್ಲಿ ಸಿಲಿಂಡರ್, ಟ್ಯಾಂಕ್, ವಾಲ್ವ್ ಮೂರೂ ಬೇರೆ ಬೇರೆ. 1933ರಿಂದ ಹೊಸ ವ್ಯಾಗನ್‌ಗಳಿಗೆ ಎಬಿ ಕಡ್ಡಾಯ. ಒಂದು ಕಂಪನಿಯ ಹಳಿಯಿಂದ ಇನ್ನೊಂದರ ಹಳಿಗೆ ದಾಟುವ ವ್ಯಾಗನ್‌ಗಳಲ್ಲಿ ಕೆ ನಿಷೇಧವಾದದ್ದು 1953ರಲ್ಲಿ.

ಗೋಡೆ: ಎರಡನೇ ಮಹಾಯುದ್ಧದಲ್ಲಿ ಉಕ್ಕು ಟ್ಯಾಂಕಿಗೂ ಹಡಗಿಗೂ ಹೋಯಿತು. ಹಾಗಾಗಿ ಉಕ್ಕಿನ ಚೌಕಟ್ಟಿಗೆ ಮರದ ಹಲಗೆ ಹೊಡೆದ 'ವಾರ್ ಎಮರ್ಜೆನ್ಸಿ' ವ್ಯಾಗನ್‌ಗಳು ಬಂದವು. ಉಕ್ಕಿನ ವ್ಯಾಗನ್ ಬಂದು ದಶಕಗಳಾದ ಮೇಲೆ ಮತ್ತೆ ಮರ!

ಬಣ್ಣದ ಪಟ್ಟಿಯ ಫಲಕ: ಬದಿಯಲ್ಲಿ ನೀಲಿ, ಕೆಂಪು, ಬಿಳಿ ಗೆರೆಗಳ ಚಿಕ್ಕ ಫಲಕ ಕಂಡರೆ ಅದು 1967ರ ನಂತರದ ವ್ಯಾಗನ್. ಹಳಿ ಪಕ್ಕದ ಯಂತ್ರ ಓದುವ ಒಂದು ಬಗೆಯ ಬಾರ್‌ಕೋಡ್ ಅದು. ಫಲಕ ಕೊಳೆಯಾದರೆ ಯಂತ್ರಕ್ಕೆ ಓದೋಕಾಗುತ್ತಿರಲಿಲ್ಲ. ಹತ್ತೇ ವರ್ಷದಲ್ಲಿ ಯೋಜನೆ ಕೈಬಿಟ್ಟರು.

ಚಂದದ ಸುಳ್ಳು: ಜಾಹೀರಾತು ವ್ಯಾಗನ್

ಆಟಿಕೆ ಅಂಗಡಿಗಳಲ್ಲಿ ಸದಾ ಬೇಡಿಕೆ ಇರೋದು ಬಿಯರ್, ಬೆಣ್ಣೆ, ಮಾಂಸದ ಕಂಪನಿಗಳ ಬಣ್ಣಬಣ್ಣದ ಜಾಹೀರಾತು ಬರೆದ ಐಸ್ ವ್ಯಾಗನ್‌ಗಳಿಗೆ. ನಿಜ ಹಳಿಯ ಮೇಲೆ ಅವು ಓಡಿದ್ದು ಸ್ವಲ್ಪ ಕಾಲ ಮಾತ್ರ. ಇಂಥ ವ್ಯಾಗನ್‌ಗಳನ್ನು ಗುತ್ತಿಗೆಗೆ ಪಡೆದ ಕಂಪನಿಗೆ ಊರೂರಲ್ಲಿ ಪುಕ್ಕಟೆ ಪ್ರಚಾರ. ರೈಲ್ವೆ ಕೊಡುತ್ತಿದ್ದ ಮೈಲಿ ಬಾಡಿಗೆಯ ಲಾಭವೂ ಸುತ್ತಿ ಬಳಸಿ ಅವರಿಗೇ ಸಿಗುತ್ತಿತ್ತು. ಅಂದರೆ ದೊಡ್ಡವರಿಗೆ ಹಿಂಬಾಗಿಲ ರಿಯಾಯಿತಿ. ಸಾಗಣೆ ದರ ನಿಯಂತ್ರಿಸುವ ಅಂತರರಾಜ್ಯ ವಾಣಿಜ್ಯ ಆಯೋಗ 1934ರಲ್ಲಿ ಇದಕ್ಕೆ ತಡೆ ಹಾಕಿತು. 1937ರ ಆರಂಭದ ಹೊತ್ತಿಗೆ ಹಳೆಯ ಜಾಹೀರಾತು ವ್ಯಾಗನ್‌ಗಳೂ ಮರೆಯಾಗಬೇಕಾಯಿತು.

ಹಾಗಾಗಿ 1950ರ ದೃಶ್ಯದಲ್ಲಿ ಬಿಯರ್ ಜಾಹೀರಾತಿನ ವ್ಯಾಗನ್ ನಿಲ್ಲಿಸಿದರೆ ಆ ಹೋರಾಟ ನಡೆದೇ ಇಲ್ಲ ಅಂದ ಹಾಗಾಗುತ್ತೆ. 'ಹಳೇ ಕಾಲ ಎಷ್ಟು ಚೆಂದ ಇತ್ತು' ಅನ್ನುವ ರಾಜಕಾರಣವೂ ಹೀಗೇ ತಾನೇ ಕೆಲಸ ಮಾಡೋದು? ಬಣ್ಣ ಉಳಿಸಿಕೊಂಡು ಜಗಳವನ್ನು ಅಳಿಸೋದು.

ಸಾಕ್ಷ್ಯ ಎಲ್ಲಿದೆ

ಮೂರು ಮೂಲಗಳು ಮುಖ್ಯ. ಒಂದು, 'ಆಫಿಷಿಯಲ್ ರೈಲ್ವೆ ಇಕ್ವಿಪ್‌ಮೆಂಟ್ ರಿಜಿಸ್ಟರ್'. ಯಾವ ಕಂಪನಿಯ ಯಾವ ನಂಬರ್ ಸರಣಿಯಲ್ಲಿ ಎಷ್ಟು ವ್ಯಾಗನ್, ಒಳ ಅಳತೆ ಎಷ್ಟು ಅನ್ನುವ ಪಟ್ಟಿ. ಎರಡು, 'ಕಾರ್ ಬಿಲ್ಡರ್ಸ್ ಸೈಕ್ಲೋಪೀಡಿಯಾ'. ಇಂಜಿನಿಯರಿಂಗ್ ಡ್ರಾಯಿಂಗ್ ಕ್ಲಾಸಿನಲ್ಲಿ ನಿದ್ದೆ ಹೊಡೆದವರೂ ಇದರ ನಕ್ಷೆಗಳ ಮುಂದೆ ಎದ್ದು ಕೂರುತ್ತಾರೆ.

ಮೂರನೆಯದು ಫೋಟೋ. ಕಾರ್ಖಾನೆಯವರು ತೆಗೆಸಿದ ಫೋಟೋದಲ್ಲಿ ವ್ಯಾಗನ್ ಮದುಮಗನ ಥರ ನಿಂತಿರುತ್ತೆ. ದುಡಿಯುವಾಗ ಹೇಗಿತ್ತು ಅಂತ ತಿಳಿಯಲು ಜ್ಯಾಕ್ ಡೆಲಾನೊ ಅವರ ಚಿತ್ರಗಳಿವೆ. ಸರ್ಕಾರಕ್ಕಾಗಿ ಕೆಲಸ ಮಾಡುತ್ತಿದ್ದ ಡೆಲಾನೊ 1942–43ರಲ್ಲಿ ಶಿಕಾಗೊ ಮತ್ತು ಬೇರೆ ಕಡೆಯ ಯಾರ್ಡ್‌ಗಳಲ್ಲಿ ಸಾಲು ಸಾಲು ವ್ಯಾಗನ್‌ಗಳನ್ನು, ಎಂಜಿನ್ ಒರೆಸುವ ಹೆಂಗಸರನ್ನು, ಬ್ರೇಕ್‌ಮನ್‌ಗಳನ್ನು ಬಣ್ಣದಲ್ಲೇ ಸೆರೆಹಿಡಿದರು. ಲೈಬ್ರರಿ ಆಫ್ ಕಾಂಗ್ರೆಸ್‌ನಲ್ಲಿ ಅವನ್ನು ಯಾರು ಬೇಕಾದರೂ ಪುಕ್ಕಟೆ ನೋಡಬಹುದು. ಸಾರ್ವಜನಿಕ ದುಡ್ಡಿನಲ್ಲಿ ಆದ ದಾಖಲೆ ಸಾರ್ವಜನಿಕರದ್ದೇ ಆಗಿ ಉಳಿದರೆ ಎಂಥ ಪ್ರಯೋಜನ ಅನ್ನೋದಕ್ಕೆ ಇದಕ್ಕಿಂತ ಒಳ್ಳೆ ಉದಾಹರಣೆ ಬೇಕಿಲ್ಲ.

ಕಟ್ಟುವ ಕ್ರಮ

1. ಕಿಟ್ ಆರಿಸಿ. ಹೆಚ್ಚು ಸಂಖ್ಯೆಯಲ್ಲಿದ್ದ ವ್ಯಾಗನ್‌ಗಳಿಗೆ ಪ್ಲಾಸ್ಟಿಕ್ ಕಿಟ್ ಸಿಗುತ್ತೆ, ಎಕ್ಸ್29ಕ್ಕೂ ಬಂದಿದೆ. ಅಪರೂಪದವಕ್ಕೆ ಸಣ್ಣ ತಯಾರಕರು ರೆಸಿನ್ ಎರಕದ ಕಿಟ್ ಮಾಡುತ್ತಾರೆ.

2. ಫೋಟೋ ಪಕ್ಕದಲ್ಲಿಟ್ಟು ಕಿಟ್ಟಿನ ತಪ್ಪು ಪಟ್ಟಿ ಮಾಡಿ. ಬಾಗಿಲು, ತುದಿಗೋಡೆ, ಚಾವಣಿ, ಬ್ರೇಕ್, ಟ್ರಕ್ ಈ ಐದನ್ನು ನೋಡಿದರೆ ಮುಕ್ಕಾಲು ಕೆಲಸ ಮುಗಿದಂತೆ.

3. ಅಚ್ಚಿನಲ್ಲೇ ಬಂದ ದಪ್ಪ ಕೈಹಿಡಿಗಳನ್ನು ಕೆತ್ತಿ ತೆಗೆದು, ಸಣ್ಣ ತೂತು ಕೊರೆದು, ತೆಳು ತಂತಿ ಕೂರಿಸಿ.

4. ಬ್ರೇಕಿನ ಕೊಳವೆ, ಸರಳು, ಸನ್ನೆ ಜೋಡಿಸಿ. ಮೇಜಿನ ಮೇಲೆ ನಿಂತಾಗ ಅದು ಯಾರಿಗೂ ಕಾಣಲ್ಲ. ಆದರೂ ಮಾಡುತ್ತಾರೆ.

5. ತೂಕ ತುಂಬಿ. ಅಮೆರಿಕದ ರಾಷ್ಟ್ರೀಯ ಮಾದರಿ ರೈಲು ಸಂಘದ ಶಿಫಾರಸು ಎಚ್‌ಒಗೆ 1 ಔನ್ಸ್, ಜೊತೆಗೆ ಪ್ರತಿ ಇಂಚು ಉದ್ದಕ್ಕೆ ಅರ್ಧ ಔನ್ಸ್. ಆರಿಂಚಿನ ವ್ಯಾಗನ್‌ಗೆ 4 ಔನ್ಸ್, ಅಂದರೆ ಸುಮಾರು 113 ಗ್ರಾಂ.

6. ಬಣ್ಣ ಹೊಡೆದು, ಹೊಳಪಿನ ಕೋಟ್ ಕೊಟ್ಟು, ಅಕ್ಷರಗಳ ಡೀಕಾಲ್ ಅಂಟಿಸಿ, ಮೇಲೆ ಹೊಳಪಿಲ್ಲದ ಕೋಟ್ ಕೊಡಿ.

7. ಕೊನೆಗೆ ಕೊಳೆ. ಎಲ್ಲ ಕಡೆ ಒಂದೇ ಥರ ಬಳಿಯಬೇಡಿ. ವ್ಯಾಗನ್‌ಗಳನ್ನು ನಿಗದಿತ ಅವಧಿಗೊಮ್ಮೆ ಮತ್ತೆ ತೂಗಿ, ಹೊಸ ಖಾಲಿ ತೂಕ, ತೂಗಿದ ಜಾಗದ ಸಂಕೇತ, ತಿಂಗಳು, ವರ್ಷ ಬರೆಯುತ್ತಿದ್ದರು. ಮಸಿ ಹಿಡಿದ ಗೋಡೆಯಲ್ಲಿ ಆ ಚಿಕ್ಕ ಚೌಕ ಮಾತ್ರ ಹೊಸ ಬಣ್ಣ. ನಿಮ್ಮ ಮಾದರಿ ಯಾವ ವರ್ಷದ್ದು ಅಂತ ಹೇಳೋದು ಆ ಚೌಕವೇ.

ಯಾರ ವ್ಯಾಗನ್ ಎಷ್ಟು

ಒಂದು ವ್ಯಾಗನ್ ಸರಿ, ಇಡೀ ರೈಲು ಕಟ್ಟುವಾಗ? ಅಮೆರಿಕದ ಕಂಪನಿಗಳು ವ್ಯಾಗನ್ ವಿನಿಮಯ ಮಾಡಿಕೊಳ್ಳುತ್ತಿದ್ದವು. ನ್ಯೂಯಾರ್ಕಿನ ವ್ಯಾಗನ್ ಕ್ಯಾಲಿಫೋರ್ನಿಯಾದಲ್ಲಿ ಸಿಗೋದು ಸಹಜ. ಮಾದರಿ ಕಟ್ಟುವವರ ನಡುವೆ ಗಿಲ್ಬರ್ಟ್–ನೆಲ್ಸನ್ ಊಹೆ ಅಂತ ಹೆಸರಾದ ಒಂದು ವಾದವಿದೆ: ದೇಶದ ಒಟ್ಟು ಬಾಕ್ಸ್‌ಕಾರ್‌ಗಳಲ್ಲಿ ಒಂದು ಕಂಪನಿಯ ಪಾಲು ಎಷ್ಟೋ, ಯಾವುದೇ ಮುಖ್ಯ ಮಾರ್ಗದಲ್ಲಿ ಕಾಣುವ ಹೊರಗಿನ ಬಾಕ್ಸ್‌ಕಾರ್‌ಗಳಲ್ಲೂ ಹೆಚ್ಚುಕಡಿಮೆ ಅಷ್ಟೇ ಪಾಲು. ಎಲ್ಲರೂ ಒಪ್ಪಲ್ಲ. ಆದರೆ ಇದರಿಂದ ಒಂದು ಒಳ್ಳೆಯ ಶಿಸ್ತು ಬಂತು. ನಮಗೆ ಇಷ್ಟವಾದ, ಅಪರೂಪದ, ಫೋಟೋಜೆನಿಕ್ ವ್ಯಾಗನ್‌ಗಳನ್ನೇ ತುಂಬಿದರೆ ರೈಲು ಸುಳ್ಳಾಗುತ್ತೆ. ಪೆನ್ಸಿಲ್ವೇನಿಯಾ, ನ್ಯೂಯಾರ್ಕ್ ಸೆಂಟ್ರಲ್ ಕಂಪನಿಗಳ ಬೋರು ಹೊಡೆಸುವ ಕಂದು ಪೆಟ್ಟಿಗೆಗಳೇ ಹೆಚ್ಚಿರಬೇಕು. ಚುನಾವಣಾ ಸಮೀಕ್ಷೆ ಓದುವವರಿಗೆ ಈ ಪಾಠ ಗೊತ್ತಿರಲೇಬೇಕು.

ರಿವೆಟ್ ಸರಿ, ಮನುಷ್ಯರೆಲ್ಲಿ

ಈ ಹವ್ಯಾಸದ ಮಿತಿಯೂ ಇಲ್ಲೇ ಇದೆ. ರಿವೆಟ್ ಎಣಿಸುವವರು ಎಷ್ಟೋ ಸಲ ಮನುಷ್ಯರನ್ನು ಎಣಿಸಲ್ಲ. ದಕ್ಷಿಣದ ರಾಜ್ಯಗಳಲ್ಲಿ ಕಪ್ಪು ಜನ ಬ್ರೇಕ್‌ಮನ್, ಫೈರ್‌ಮನ್ ಆಗಿ ದುಡಿದರು, ಬಿಳಿಯರ ಕಾರ್ಮಿಕ ಸಂಘಗಳು ಅವರನ್ನು ಸದಸ್ಯರಾಗಲು ಬಿಡಲಿಲ್ಲ. ಬೆಸ್ಟರ್ ಸ್ಟೀಲ್ ಎಂಬ ಕಪ್ಪು ಫೈರ್‌ಮನ್ ಹೂಡಿದ ಮೊಕದ್ದಮೆಯಲ್ಲಿ, ಎಲ್ಲರ ಪರವಾಗಿ ಚೌಕಾಸಿ ಮಾಡುವ ಹಕ್ಕು ಪಡೆದ ಸಂಘ ಕಪ್ಪು ಕಾರ್ಮಿಕರನ್ನೂ ನ್ಯಾಯವಾಗಿ ಪ್ರತಿನಿಧಿಸಬೇಕು ಅಂತ ಸುಪ್ರೀಂ ಕೋರ್ಟ್ 1944ರಲ್ಲಿ ಹೇಳಿತು. 1944ರ ರೈಲನ್ನು ಕಟ್ಟಿ, ಬ್ರೇಕ್ ವಾಲ್ವ್ ಸರಿ ಇಟ್ಟು, ದುಡಿಯುವ ಗೊಂಬೆಗಳನ್ನೆಲ್ಲ ಬಿಳಿ ಮಾಡಿದರೆ ಅದನ್ನೂ ತಪ್ಪಿನ ಪಟ್ಟಿಗೆ ಸೇರಿಸಬೇಕು. ಈ ತಪ್ಪು ತಿದ್ದಲು ಕಿಟ್ ಬೇಡ, ಒಂದು ಚಿಕ್ಕ ಕುಂಚ ಸಾಕು.

ಇಲ್ಲಿ ಶುರು ಮಾಡೋದಾದರೆ

ಕರ್ನಾಟಕದ ಮೀಟರ್ ಗೇಜ್ ಹಳಿಗಳಲ್ಲಿ ಹೆಚ್ಚಿನವು 1992ರಲ್ಲಿ ಶುರುವಾದ ಯೂನಿಗೇಜ್ ಯೋಜನೆಯಲ್ಲಿ ಬ್ರಾಡ್ ಗೇಜ್ ಆದವು. ಆ ಹಳಿಯ ಮೇಲಿನ ಒಂದು ಗೂಡ್ಸ್ ರೈಲು ಕಟ್ಟುವ ಆಸೆ ಯಾರಿಗಾದರೂ ಇದ್ದರೆ ಹಳಿ ಸಮಸ್ಯೆಯೇ ಅಲ್ಲ. 1:87ರಲ್ಲಿ ಮೀಟರ್ ಗೇಜ್ 11.5 ಮಿ.ಮೀ. ಬರುತ್ತೆ, ಸ್ವಿಟ್ಜರ್ಲೆಂಡಿನ ಮೀಟರ್ ಗೇಜ್ ಮಾದರಿಗಳಿಗಾಗಿ ತಯಾರಾಗುವ 12 ಮಿ.ಮೀ. ಹಳಿ ಸಿಗುತ್ತೆ. ಕಷ್ಟದ ಕೆಲಸ ವ್ಯಾಗನ್ನಿನದ್ದು. ಅದರ ನಕ್ಷೆ, ಬದಿಯ ಬರಹದ ಫೋಟೋ, ಮೇಲೆ ಹತ್ತಿಳಿದವರ ನೆನಪು ಬೇಕು. ನಿಮ್ಮ ಮನೆಯಲ್ಲೋ ಬೀದಿಯಲ್ಲೋ ನಿವೃತ್ತ ಗಾರ್ಡ್, ಪಾಯಿಂಟ್ಸ್‌ಮನ್, ಗೂಡ್ಸ್ ಶೆಡ್ಡಿನ ಹಮಾಲಿ ಇದ್ದರೆ ಕಿಟ್ ಹುಡುಕುವ ಮೊದಲು ಅವರ ಹತ್ತಿರ ಹೋಗಿ ಕೂತು, ಕೇಳಿ ಬರೆದಿಟ್ಟುಕೊಳ್ಳಿ.