ಪಕ್ಕದ ಮನೆ ನಾಯಿ, ಪಂಚಾಯಿತಿ ಗಡಿ: ಬೆಂಗಳೂರು ಗ್ರಾಮಾಂತರದಲ್ಲಿ ಸಾಕುಪ್ರಾಣಿ ಕಾನೂನು ಏನು ಹೇಳುತ್ತೆ?

ದೇವನಹಳ್ಳಿ ಕಡೆ ಈಗ ಒಂದೇ ಕಾಂಪೌಂಡ್ ಗೋಡೆಯ ಈಚೆ ಲ್ಯಾಬ್ರಡಾರ್, ಆಚೆ ಕುರಿ ಮಂದೆ. 2008ರಲ್ಲಿ ವಿಮಾನ ನಿಲ್ದಾಣ ಶುರುವಾದ ಮೇಲೆ ಹೊಲಗಳ ನಡುವೆ ಅಪಾರ್ಟ್‌ಮೆಂಟು, ಲೇಔಟುಗಳು ಎದ್ದವು. ಅವುಗಳಲ್ಲಿ ಎಷ್ಟೋ ಇವತ್ತಿಗೂ ಗ್ರಾಮ ಪಂಚಾಯಿತಿ ವ್ಯಾಪ್ತಿಯಲ್ಲೇ ಇವೆ. ಹೊಸಕೋಟೆ, ನೆಲಮಂಗಲ, ದೊಡ್ಡಬಳ್ಳಾಪುರದ ಅಂಚಿನಲ್ಲೂ ಇದೇ ಕಥೆ. ನಾಯಿ ವಿಷಯಕ್ಕೆ ಜಗಳ ಬಂದಾಗ ಮಾತ್ರ ಎರಡೂ ಕಡೆಯವರು ಬೆಂಗಳೂರಿನ ರೂಲ್ಸ್ ಹುಡುಕಿ ವಾಟ್ಸಾಪ್ ಗ್ರೂಪಿಗೆ ಹಾಕ್ತಾರೆ. ಅದರಲ್ಲಿ ಅರ್ಧ ನಮಗೆ ಅನ್ವಯಿಸುವುದೇ ಇಲ್ಲ. ಅನ್ವಯಿಸುವುದು ಯಾವುದು ಅಂತ ಒಂದು ಕಡೆ ಬರೆದಿಡುವುದು ಈ ಲೇಖನದ ಉದ್ದೇಶ.

ಮೊದಲು ಗಡಿ ನೋಡಿ

ಬೆಂಗಳೂರಿನ ಪಾಲಿಕೆಯ ನಾಯಿ ಲೈಸೆನ್ಸ್ ನಿಯಮ ಪಾಲಿಕೆಯ ಗಡಿಯೊಳಗೆ ಮಾತ್ರ. ಫ್ಲಾಟಿಗೆ ಒಂದು, ಸ್ವತಂತ್ರ ಮನೆಗೆ ಮೂರು ನಾಯಿ ಅಂತ 2018ರಲ್ಲಿ ಬಿಬಿಎಂಪಿ ತಂದ ಬೈಲಾ ಭಾರಿ ವಿರೋಧದಿಂದಾಗಿ ನಿಂತುಹೋಯಿತು. ಆದರೂ ಆ ಲೆಕ್ಕ ಇನ್ನೂ ಫಾರ್ವರ್ಡ್ ಆಗ್ತಾನೇ ಇರುತ್ತೆ. ನಿಮ್ಮ ಮನೆ ನಗರಸಭೆ, ಪುರಸಭೆಗೆ ಸೇರಿದ್ದರೆ ಅಲ್ಲಿ, ಹಳ್ಳಿಯಾದರೆ ಪಂಚಾಯಿತಿಯ ಪಿಡಿಒ ಹತ್ತಿರ ಸ್ಥಳೀಯ ನಿಯಮ ಇದೆಯಾ ಅಂತ ಕೇಳಿ. ಬಾಯಿಮಾತಿನ ಉತ್ತರ ಸಾಲದಿದ್ದರೆ ಆರ್‌ಟಿಐ ಅರ್ಜಿ ಹಾಕಿ.

ಕೇಂದ್ರದ ಕಾನೂನುಗಳಿಗೆ ಈ ಗಡಿ ಇಲ್ಲ. 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆ, 2023ರ ಪ್ರಾಣಿ ಸಂತಾನ ನಿಯಂತ್ರಣ ನಿಯಮಗಳು, ಭಾರತೀಯ ನ್ಯಾಯ ಸಂಹಿತೆ ಇವು ಹಳ್ಳಿಗೂ ಒಂದೇ, ವಿಲ್ಲಾಗೂ ಒಂದೇ.

ಅಸೋಸಿಯೇಷನ್ ‘ನಾಯಿ ಬೇಡ’ ಅನ್ನಬಹುದಾ?

ಇಲ್ಲ. ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿ 2015ರ ಫೆಬ್ರವರಿಯಲ್ಲಿ ಹೊರಡಿಸಿದ ಮಾರ್ಗಸೂಚಿ ಪ್ರಕಾರ, ಬಹುಮತದಿಂದ ಬೈಲಾ ತಿದ್ದಿದರೂ ಸಾಕುಪ್ರಾಣಿಯನ್ನು ನಿಷೇಧಿಸುವ ಹಾಗಿಲ್ಲ. ಅಂಥ ಬೈಲಾಗಳಿಗೆ ಕಾನೂನಿನ ಬೆಲೆ ಇಲ್ಲ ಅಂತ ಕೇರಳ ಹೈಕೋರ್ಟ್ 2021ರಲ್ಲಿ ಹೇಳಿದೆ. ‘ಅಪಾಯಕಾರಿ ತಳಿ’ ಅನ್ನುವ ಅಸ್ತ್ರವೂ ನಮ್ಮಲ್ಲಿ ನಿಂತಿಲ್ಲ: 2024ರ ಮಾರ್ಚ್‌ನಲ್ಲಿ ಕೇಂದ್ರ ಸರ್ಕಾರ 23 ತಳಿಗಳ ವಿರುದ್ಧ ಹೊರಡಿಸಿದ ಸುತ್ತೋಲೆಯನ್ನು ಕರ್ನಾಟಕ ಹೈಕೋರ್ಟ್ ಏಪ್ರಿಲ್ 10ರಂದು ರದ್ದು ಮಾಡಿತು. ಸಂಬಂಧಪಟ್ಟವರ ಮಾತು ಕೇಳದೆ ಮಾಡಿದ್ದಾರೆ ಅನ್ನುವುದು ಒಂದು ಮುಖ್ಯ ಕಾರಣ. ಕ್ರಮ ಪಾಲಿಸಿ ಹೊಸದಾಗಿ ನಿಯಮ ತರಲು ಕೇಂದ್ರಕ್ಕೆ ಅಡ್ಡಿಯಿಲ್ಲ.

ಬಾಡಿಗೆದಾರರೇ, ಒಂದು ಎಚ್ಚರ: ಮಾಲೀಕರ ಜೊತೆಗಿನ ಕರಾರು ಬೇರೆ ವಿಷಯ. ಅಡ್ವಾನ್ಸ್ ಕೊಡುವ ಮೊದಲೇ ಓದಿಕೊಳ್ಳಿ.

ಸಾಕುವವರ ಹೊಣೆ

ಹಕ್ಕು ಗಟ್ಟಿಯಾಗಿದೆ ಅಂದ ಮಾತ್ರಕ್ಕೆ ಹೊಣೆ ಸಡಿಲ ಅಂತ ಅಲ್ಲ. ಸಾಕುನಾಯಿಗೆ ಲಸಿಕೆ, ಜಂತುಹುಳು ಔಷಧ, ಸಂತಾನಹರಣ ಚಿಕಿತ್ಸೆ ಮಾಲೀಕರ ಜವಾಬ್ದಾರಿ ಅಂತ 2023ರ ನಿಯಮವೇ ಹೇಳುತ್ತೆ. ನಿಮ್ಮ ಪ್ರಾಣಿಯಿಂದ ಜನರಿಗೆ ಅಪಾಯ ಆಗಬಹುದು ಅಂತಿದ್ದೂ ಎಚ್ಚರಿಕೆ ವಹಿಸದಿದ್ದರೆ ನ್ಯಾಯ ಸಂಹಿತೆಯ 291ನೇ ಕಲಂ ಪ್ರಕಾರ 6 ತಿಂಗಳವರೆಗೆ ಜೈಲು ಅಥವಾ 5,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ನಾಯಿಯನ್ನು ದಿನವಿಡೀ ಗಿಡ್ಡ ಸರಪಳಿಯಲ್ಲಿ ಕಟ್ಟಿಹಾಕುವುದು, ಮನೆ ಖಾಲಿ ಮಾಡುವಾಗ ಬಿಟ್ಟುಹೋಗುವುದು 1960ರ ಕಾಯ್ದೆಯಡಿ ಹಿಂಸೆ. ಮೊದಲ ಸಲದ ದಂಡ ಮಾತ್ರ ಇನ್ನೂ 10ರಿಂದ 50 ರೂಪಾಯಿ. ಹೊಸಕೋಟೆಯಲ್ಲಿ ಅರ್ಧ ಪ್ಲೇಟ್ ಬಿರಿಯಾನಿಯೂ ಬಾರದ ದುಡ್ಡು.

ಸಿಟ್ಟಿನಲ್ಲಿ ವಿಷ ಹಾಕುವ ಯೋಚನೆ ಇರುವವರಿಗೂ ಒಂದು ಮಾತು. ಪ್ರಾಣಿಯನ್ನು ಕೊಂದರೆ, ವಿಷವಿಟ್ಟರೆ, ಅಂಗಹೀನ ಮಾಡಿದರೆ 325ನೇ ಕಲಂ ಅಡಿ 5 ವರ್ಷದವರೆಗೆ ಜೈಲು ಆಗಬಹುದು.

ಬೀದಿನಾಯಿಗೆ ಅನ್ನ ಹಾಕುವ ಜಗಳ

ಇಲ್ಲೇ ಹೆಚ್ಚು ರಂಪ. 2023ರ ನಿಯಮಗಳ ಪ್ರಕಾರ ಅನ್ನ ಹಾಕುವ ಜಾಗವನ್ನು ಅಸೋಸಿಯೇಷನ್ ಅಥವಾ ಸ್ಥಳೀಯ ಸಂಸ್ಥೆಯ ಪ್ರತಿನಿಧಿ ಗೊತ್ತು ಮಾಡಬೇಕು. ಅದು ಮೆಟ್ಟಿಲು, ಗೇಟು, ಮಕ್ಕಳು ಆಡುವ ಜಾಗದಿಂದ ದೂರ ಇರಬೇಕು. ಒಮ್ಮತ ಆಗದಿದ್ದರೆ ಪಶುವೈದ್ಯಾಧಿಕಾರಿ, ಪೊಲೀಸ್ ಪ್ರತಿನಿಧಿ, ಪ್ರಾಣಿ ದಯಾ ಸಂಘದವರು, ದೂರುದಾರರು, ಅಸೋಸಿಯೇಷನ್‌ನವರು ಇರುವ ಪ್ರಾಣಿ ಕಲ್ಯಾಣ ಸಮಿತಿ ರಚಿಸಿ ತೀರ್ಮಾನಿಸಬೇಕು. ಸುಪ್ರೀಂ ಕೋರ್ಟ್ 2025ರ ಆಗಸ್ಟ್ 22ರ ಆದೇಶದಲ್ಲಿ ಸಾರ್ವಜನಿಕ ರಸ್ತೆಗಳಲ್ಲಿ ಅನ್ನ ಹಾಕುವುದನ್ನು ತಡೆದು, ಮುನ್ಸಿಪಲ್ ವಾರ್ಡುಗಳಲ್ಲಿ ಅದಕ್ಕಾಗಿಯೇ ಜಾಗ ಗುರುತಿಸಲು ಹೇಳಿತು. ವಾರ್ಡಿಗೇನೋ ಆದೇಶ ಸಿಕ್ಕಿತು; ಪಂಚಾಯಿತಿ ಹಳ್ಳಿಯಲ್ಲಿ ಈ ಕೆಲಸಕ್ಕೆ ಕೈ ಹಾಕುವವರು ಯಾರು? ನನ್ನ ತಕರಾರು ಇರುವುದು ಇಲ್ಲೇ.

ದನ, ಕುರಿ, ಕೋಳಿ

ಪ್ರಾಣಿ ಅಂದ್ರೆ ಬರೀ ನಾಯಿ ಅಲ್ವಲ್ಲ. ಪಕ್ಕದವರ ದನ ರಾಗಿ ಹೊಲಕ್ಕೋ ದ್ರಾಕ್ಷಿ ತೋಟಕ್ಕೋ ನುಗ್ಗಿದರೆ ದನಗಳ ಅತಿಕ್ರಮ ಪ್ರವೇಶದ ಕಾನೂನು ಇದೆ: ಬೆಳೆ ಮೇಯ್ದ ದನವನ್ನು ಹಿಡಿದು ದೊಡ್ಡಿಗೆ ಹೊಡೆಯಬಹುದು, ಮಾಲೀಕರು ದಂಡ ಕಟ್ಟಿ ಬಿಡಿಸಿಕೊಳ್ಳಬೇಕು. ಹೊಡೆಯುವುದು, ಕಾಲು ಮುರಿಯುವುದು ಅಪರಾಧ. ಇನ್ನು ಲೇಔಟಿಗೆ ಬಂದವರು ಒಂದು ನೆನಪಿಡಬೇಕು. ಸಗಣಿ ವಾಸನೆ, ಬೆಳಗಿನ ಜಾವದ ಕೋಳಿ ಕೂಗು ನಿಮ್ಮ ಸೈಟಿಗಿಂತ ಹಳೆಯವು. ಆ ಹಸುವಿನ ಹಾಲೇ ಡೇರಿಗೆ ಹೋಗಿ ಪ್ಯಾಕೆಟ್ಟಾಗಿ ನಿಮ್ಮ ಬಾಗಿಲಿಗೂ ಬರಬಹುದು.

ಜಗಳ ಬಂದರೆ ಯಾವ ಕ್ರಮದಲ್ಲಿ ಹೋಗಬೇಕು?

ಒಂದು: ಎದುರು ಕೂತು ಮಾತಾಡಿ. ಗ್ರೂಪಿನಲ್ಲಿ ಬೇಡ. ‘ನಿಮ್ಮ ನಾಯಿ ಸರಿ ಇಲ್ಲ’ ಅನ್ನುವ ಬದಲು ‘ರಾತ್ರಿ 11ರಿಂದ 1ರವರೆಗೆ ಬೊಗಳುತ್ತೆ, ಮಗು ಏಳುತ್ತೆ’ ಅನ್ನಿ.

ಎರಡು: ಆಗದಿದ್ದರೆ ದಿನಾಂಕ, ಸಮಯ, ಫೋಟೊ ಸಮೇತ ಲಿಖಿತ ದೂರು. ಅಸೋಸಿಯೇಷನ್‌ಗೆ, ಪಿಡಿಒಗೆ ಅಥವಾ ನಗರಸಭೆ, ಪುರಸಭೆಗೆ ಕೊಟ್ಟು ಸ್ವೀಕೃತಿ ಪಡೆಯಿರಿ.

ಮೂರು: ಕಚ್ಚಿದರೆ ಮೊದಲು ಗಾಯವನ್ನು ಸೋಪು ಹಾಕಿ ಹರಿಯುವ ನೀರಲ್ಲಿ 15 ನಿಮಿಷ ತೊಳೆದು ಆಸ್ಪತ್ರೆಗೆ ಹೋಗಿ ಲಸಿಕೆ ಹಾಕಿಸಿಕೊಳ್ಳಿ. ಪೊಲೀಸ್ ದೂರು ಆಮೇಲೆ.

ನಾಲ್ಕು: ಇಡೀ ಬೀದಿಗೆ ತೊಂದರೆ ಆಗ್ತಿದ್ದರೆ ನಾಗರಿಕ ಸುರಕ್ಷಾ ಸಂಹಿತೆಯ 152ನೇ ಕಲಂ ಅಡಿ ಉಪವಿಭಾಗಾಧಿಕಾರಿಗೆ, ಅಂದರೆ ಎಸಿಗೆ, ಅರ್ಜಿ ಕೊಡಬಹುದು. ಅಪಾಯಕಾರಿ ಪ್ರಾಣಿಯನ್ನು ಕಟ್ಟಿಹಾಕಿಸುವ ಆದೇಶವೂ ಇದರಲ್ಲಿ ಸೇರುತ್ತೆ. ಎರಡೇ ಮನೆಗಳ ವ್ಯಾಜ್ಯಕ್ಕೆ ಇದು ದಾರಿಯಲ್ಲ.

ಐದು: ಎರಡು ಮನೆಗಳ ವ್ಯಾಜ್ಯಕ್ಕೆ ತಾಲೂಕು ಕಾನೂನು ಸೇವಾ ಸಮಿತಿ, ಲೋಕ ಅದಾಲತ್ ಒಳ್ಳೆಯದು. ಕೇಸು ದಾಖಲಾಗುವ ಮೊದಲೇ ಹೋಗಬಹುದು, ಅಲ್ಲಿನ ರಾಜಿ ಕೋರ್ಟ್ ಡಿಕ್ರಿಗೆ ಸಮ, ಅದರ ಮೇಲೆ ಅಪೀಲು ಇಲ್ಲ. ಸಹಾಯವಾಣಿ 15100.

ಇನ್ನು ಗ್ರಾಮಸಭೆಗೆ

ಈ ಐದು ಮೆಟ್ಟಿಲಲ್ಲಿ ಎರಡನೆಯದೇ ಅತಿ ದುರ್ಬಲ. ದೂರು ಪಂಚಾಯಿತಿಗೆ ಹೋದ ಮೇಲೆ ಯಾರು, ಎಷ್ಟು ದಿನದಲ್ಲಿ ಉತ್ತರ ಕೊಡಬೇಕು ಅನ್ನುವುದು ಬರಹದಲ್ಲಿ ಇಲ್ಲದಿದ್ದರೆ ಜಗಳ ನೇರ ಠಾಣೆಗೆ ಹೋಗುತ್ತೆ, ಇಲ್ಲವೇ ವಿಷದ ಅನ್ನಕ್ಕೆ ಇಳಿಯುತ್ತೆ. 2025ರ ಜುಲೈನಲ್ಲಿ ಸಚಿವ ಸಂಪುಟ ನಂದಿಬೆಟ್ಟದಲ್ಲಿ ಕೂತು ಜಿಲ್ಲೆಗೆ ‘ಬೆಂಗಳೂರು ಉತ್ತರ’ ಅಂತ ಹೆಸರಿಡಲು ತೀರ್ಮಾನಿಸಿತು. ಹೆಸರಿನ ಜೊತೆ ವ್ಯವಸ್ಥೆಯೂ ಬರಲಿ ಅಂತ ಕೇಳಬೇಕಾದವರು ನಾವು. ಮುಂದಿನ ಗ್ರಾಮಸಭೆಯಲ್ಲಿ ಮೂರು ಪ್ರಶ್ನೆ ಎತ್ತಿ: ಪ್ರಾಣಿ ಕಲ್ಯಾಣ ಸಮಿತಿಯಲ್ಲಿ ಯಾರಿದ್ದಾರೆ? ವರ್ಷಕ್ಕೊಮ್ಮೆ ರೇಬಿಸ್ ಲಸಿಕೆ ಶಿಬಿರ ಯಾವ ದಿನ? ಅನ್ನ ಹಾಕುವ ಜಾಗ ಎಲ್ಲಿ? ಉತ್ತರವನ್ನು ನಡಾವಳಿಯಲ್ಲಿ ಬರೆಸಿ, ಪ್ರತಿ ತೆಗೆದುಕೊಂಡೇ ಮನೆಗೆ ಬನ್ನಿ.